ಮಂಡಿಯ ಗ್ರಾಫು ಮತ್ತೆ ಕೆಡದ ಹಾಗೆ: ಬೇರೆಯವರ ಜಾವಾಸ್ಕ್ರಿಪ್ಟ್ ಲೈಬ್ರರಿಯನ್ನು ನಿಮ್ಮ ಗಿಟ್ ರೆಪೊದಲ್ಲಿ ಇಟ್ಟುಕೊಳ್ಳುವುದು ಹೇಗೆ

2020ರಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮೆಕ್ಕೆಜೋಳದ ಮಂಡಿಗೆ ಸಣ್ಣ ವೆಬ್ ಪೇಜು ಮಾಡಿಕೊಟ್ಟಿದ್ದೆ. ಸಂಜೆ ಆ ದಿನದ ರೇಟು ಹಾಕಿದರೆ ಸಾಕು, ತಿಂಗಳ ಏರಿಳಿತ ಗ್ರಾಫಿನಲ್ಲಿ ಕಾಣುತ್ತಿತ್ತು. ಗೆರೆಯ ಕೆಳಗೆ ಹಸಿರು ಬಣ್ಣ, ಮೇಲೆ ಕನ್ನಡದಲ್ಲಿ ತಲೆಬರಹ, ಎಡಗಡೆ ಅಂಕಿಗಳ ಮುಂದೆ ರೂಪಾಯಿ ಗುರುತು. ಮಾಲೀಕರು ಖುಷಿಯಾಗಿ ಬೆಣ್ಣೆದೋಸೆ ಕೊಡಿಸಿದ್ದರು. ಮರುವರ್ಷ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಅವರದೇ ಫೋನು.

"ಏನಪ್ಪಾ ತಮ್ಮಾ, ಹಸಿರೆಲ್ಲ ಎಲ್ಲಿ ಹೋತು? ಮೇಲೆ ಹೆಸರೂ ಇಲ್ಲ. ಬರೇ ಗೆರೆ ಐತಿ."

"ನೋಡ್ತೀನಿ ಅಣ್ಣಾ, ಒಂದೈದು ನಿಮಿಷ ಕೊಡ್ರಿ" ಅಂದೆ. ಆ ಐದು ನಿಮಿಷ ಸಂಜೆ ತನಕ ಹೋಯಿತು. ಆರು ತಿಂಗಳಿಂದ ನಾನು ಆ ಕೋಡನ್ನು ಮುಟ್ಟಿಯೇ ಇರಲಿಲ್ಲ, ಮುಟ್ಟದೇ ಇದ್ದದ್ದು ತಾನಾಗಿ ಹೇಗೆ ಕೆಡುತ್ತದೆ?

ಗ್ರಾಫಿಗೆ ಬಳಸಿದ್ದು ಚಾರ್ಟ್.ಜೆಎಸ್, ಗ್ರಾಫು ಬಿಡಿಸಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಅಂದರೆ ಲೈಬ್ರರಿ. ಅದನ್ನು ಸಿಡಿಎನ್‌ನಿಂದ (ಇಂಥ ಫೈಲುಗಳನ್ನು ಹಂಚುವ ಹೊರಗಿನ ಸರ್ವರು) ನೇರವಾಗಿ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಕರೆದಿದ್ದೆ, ವಿಳಾಸದಲ್ಲಿ ಆವೃತ್ತಿ ಸಂಖ್ಯೆ ಹಾಕಿರಲಿಲ್ಲ. ಸಂಖ್ಯೆ ಹಾಕದಿದ್ದರೆ ಆ ಹೊತ್ತಿಗೆ ಯಾವುದು ಹೊಸದೋ ಅದು ಬರುತ್ತದೆ. ನಾನು ಬರೆದಾಗ 2 ಇತ್ತು, 2021ರಲ್ಲಿ 3 ಬಂತು. 3ರಲ್ಲಿ ಗೆರೆಯ ಕೆಳಗೆ ಬಣ್ಣ ತಾನಾಗಿ ತುಂಬುವುದಿಲ್ಲ, ನಾವು ಹೇಳಬೇಕು. ತಲೆಬರಹದ ಸೆಟ್ಟಿಂಗು 'ಪ್ಲಗಿನ್ಸ್' ಅನ್ನುವುದರ ಒಳಗೆ ಹೋಗಿದೆ. 'ವೈಆಕ್ಸಿಸ್' ಅಂತ ನಾನು ಬರೆದಿದ್ದ ಸೆಟ್ಟಿಂಗನ್ನು ಅದು ಕೇಳುವುದೇ ಇಲ್ಲ, ಹಾಗಾಗಿ ರೂಪಾಯಿ ಗುರುತೂ ಹೋಯಿತು. ಪೇಜು ಪೂರ್ತಿ ನಿಂತಿದ್ದರೆ ಬೇಗ ಗೊತ್ತಾಗುತ್ತಿತ್ತು. ಇದು ಅರ್ಧಂಬರ್ಧ ಓಡುತ್ತಾ ಕೂತಿತ್ತು. ಲೈಬ್ರರಿಯವರ ತಪ್ಪಲ್ಲ, ಅವರು ಏನೇನು ಬದಲಾಗಿದೆ ಅಂತ ಉದ್ದಕ್ಕೆ ಬರೆದೇ ಆವೃತ್ತಿ ಬಿಟ್ಟಿದ್ದರು. ಸಂಖ್ಯೆ ಹಾಕದ ತಪ್ಪು ನನ್ನದು.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಯಾವ ಲೈಬ್ರರಿ, ಯಾವ ಆವೃತ್ತಿ ಅನ್ನುವುದನ್ನು ನನ್ನ ರೆಪೊವೇ (ಗಿಟ್ ಬದಲಾವಣೆಗಳ ಲೆಕ್ಕ ಇಡುವ ಪ್ರಾಜೆಕ್ಟ್ ಫೋಲ್ಡರು) ಹೇಳಬೇಕು, ಹೊರಗಿನವರು ಯಾರೂ ಹೇಳಬಾರದು. ಇದಕ್ಕೆ ನಾಲ್ಕು ದಾರಿ ಇವೆ: ಫೈಲನ್ನೇ ತಂದು ಕಮಿಟ್ ಮಾಡುವುದು (ಗಿಟ್‌ನಲ್ಲಿ ದಾಖಲಿಸುವುದು), ಸಬ್‌ಮಾಡ್ಯೂಲ್, ಸಬ್‌ಟ್ರೀ, ಮತ್ತೆ ಎನ್‌ಪಿಎಂಗೆ (ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ತರಿಸುವ ಸಾಧನ) ಗಿಟ್ ವಿಳಾಸ ಕೊಡುವುದು. ನಾಲ್ಕನ್ನೂ ಬಳಸಿದ್ದೇನೆ, ಮೂರರಲ್ಲಿ ಏಟು ತಿಂದಿದ್ದೇನೆ.

ಒಂದು ಮಾತು. ಕಮಾಂಡುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅದೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಅಡ್ಡಗೆರೆ, ಚುಕ್ಕಿ, ಖಾಲಿ ಜಾಗ ಎಲ್ಲ ಇಲ್ಲಿರುವ ಹಾಗೇ ಇರಲಿ.

ಯಾವ ದಾರಿ ಅಂತ ಮೊದಲು ನಿರ್ಧರಿಸಿ

ಬಹಳ ಜನ ಇಲ್ಲಿ 'ಯಾವುದು ಪ್ರೊಫೆಷನಲ್' ಅಂತ ಯೋಚಿಸುತ್ತಾರೆ. ಅದನ್ನು ಬಿಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಲೈಬ್ರರಿಯ ಒಳಗೆ ನೀವು ಕೈ ಹಾಕುತ್ತೀರಾ? ನಾಳೆ ಈ ರೆಪೊವನ್ನು ಕ್ಲೋನ್ ಮಾಡುವವರಿಗೆ, ಅಂದರೆ ಅದರ ಪೂರ್ತಿ ಪ್ರತಿ ಇಳಿಸಿಕೊಳ್ಳುವವರಿಗೆ, ಗಿಟ್ ಎಷ್ಟು ಗೊತ್ತು?

ಕೈ ಹಾಕುವುದಿಲ್ಲ, ಬಂದವರಿಗೆ 'ಗಿಟ್ ಪುಲ್' ಬಿಟ್ಟು ಜಾಸ್ತಿ ಗೊತ್ತಿಲ್ಲ ಅಂದರೆ ಫೈಲನ್ನೇ ತಂದು ಇಡಿ. ನನ್ನ ಹತ್ತರಲ್ಲಿ ಏಳು ಕೆಲಸ ಇಂಥವೇ. ಲೈಬ್ರರಿ ಇನ್ನೂ ಬೆಳೆಯುತ್ತಿದೆ, ಅದನ್ನು ಬರೆಯುವವರ ಜೊತೆ ನೀವೂ ಬರೆಯುತ್ತೀರಿ ಅಂದರೆ ಸಬ್‌ಮಾಡ್ಯೂಲ್. ಬೇರೆಯವರದ್ದನ್ನು ತಂದು ನಿಮಗೆ ಬೇಕಾದ ಹಾಗೆ ತಿದ್ದಿಕೊಂಡು, ಆಗಾಗ ಅವರ ಹೊಸದನ್ನೂ ಸೇರಿಸಿಕೊಳ್ಳಬೇಕು ಅಂದರೆ ಸಬ್‌ಟ್ರೀ. ಪ್ರಾಜೆಕ್ಟಿನಲ್ಲಿ ಈಗಾಗಲೇ ನೋಡ್, ಬಂಡ್ಲರ್ ಎಲ್ಲ ಇದ್ದರೆ ಎನ್‌ಪಿಎಂ ಇರಲಿ, ಅದನ್ನು ಬಿಟ್ಟು ಹೊಸ ಗೋಜಲು ಮಾಡಿಕೊಳ್ಳಬೇಡಿ.

ಹೊರಗಿನ ಜಗತ್ತನ್ನು ಪೂರ್ತಿ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಬೇಕಾದಷ್ಟಿವೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನುವ 11 ಸಾಲಿನ ಪ್ಯಾಕೇಜನ್ನು ಬರೆದವರು ಎನ್‌ಪಿಎಂನಿಂದ ತೆಗೆದುಬಿಟ್ಟರು, ಅದರ ಮೇಲೆ ನಿಂತಿದ್ದ ಎಷ್ಟೋ ಪ್ರಾಜೆಕ್ಟುಗಳ ಬಿಲ್ಡ್ (ಕೋಡನ್ನು ಓಡುವ ರೂಪಕ್ಕೆ ತರುವ ಕೆಲಸ) ಒಟ್ಟಿಗೆ ಮುರಿದುಬಿತ್ತು. 2018ರಲ್ಲಿ ಇವೆಂಟ್-ಸ್ಟ್ರೀಮ್ ಜೊತೆ ಬಿಟ್‌ಕಾಯಿನ್ ಕದಿಯುವ ಕೋಡ್ ನುಸುಳಿತು. 2022ರ ಜನವರಿಯಲ್ಲಿ ಕಲರ್ಸ್ ಲೈಬ್ರರಿಯನ್ನು ಬರೆದವರೇ ಅದರಲ್ಲಿ ಮುಗಿಯದ ಲೂಪ್ ಹಾಕಿದರು. ಮೂರರಲ್ಲೂ ತಪ್ಪಿಸಿಕೊಂಡವರು ಯಾರು ಅಂದರೆ, ಫೈಲನ್ನು ಮನೆಯಲ್ಲೇ ಇಟ್ಟುಕೊಂಡಿದ್ದವರು; ಕೊನೆಯ ಎರಡರಲ್ಲಿ ಹಳೇ ಆವೃತ್ತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವರೂ ತಪ್ಪಿಸಿಕೊಂಡರು.

ಲೈಸೆನ್ಸ್ ಐದು ನಿಮಿಷದ ಕೆಲಸ, ಬಿಡಬೇಡಿ

ಬೇರೆಯವರ ಕೋಡನ್ನು ನಿಮ್ಮ ರೆಪೊದಲ್ಲಿ ಇಟ್ಟರೆ ನೀವು ಅದನ್ನು ಹಂಚುತ್ತಿದ್ದೀರಿ ಅಂತಲೇ ಲೆಕ್ಕ. ಎಂಐಟಿ, ಬಿಎಸ್‌ಡಿ ಲೈಸೆನ್ಸುಗಳು ಧಾರಾಳ, ಆದರೆ ಅವರ ಹಕ್ಕುಸ್ವಾಮ್ಯದ ಸಾಲು ಮತ್ತು ಲೈಸೆನ್ಸ್ ಪಠ್ಯ ಜೊತೆಗಿರಬೇಕು ಅನ್ನುತ್ತವೆ. ಚಾರ್ಟ್.ಜೆಎಸ್ ಎಂಐಟಿಯದು. ಜಿಪಿಎಲ್ ಇದ್ದರೆ ಷರತ್ತು ಬೇರೆ, ಗಿರಾಕಿಗೆ ಕೊಡುವ ಮುಂಚೆ ಕೂತು ಓದಿ. ಲೈಸೆನ್ಸ್ ಫೈಲೇ ಇಲ್ಲದ ರೆಪೊ ಸಿಕ್ಕರೆ ಅದನ್ನು ಬಳಸಲು ಅನುಮತಿ ಇದೆ ಅಂತ ತಿಳಿಯಬೇಡಿ. ಬರೆದವರನ್ನೇ ಕೇಳಿ, ಹೆಚ್ಚಿನವರು ಒಂದು ಫೈಲ್ ಸೇರಿಸುತ್ತಾರೆ.

ದಾರಿ ಒಂದು: ಫೈಲನ್ನೇ ತಂದು ಇಡುವುದು

ಮೂಲ ರೆಪೊವನ್ನು ಕ್ಲೋನ್ ಮಾಡಿ ಅಲ್ಲಿಂದ ಫೈಲ್ ಹುಡುಕಲು ಹೋಗಬೇಡಿ. ಚಾರ್ಟ್.ಜೆಎಸ್ ತರಹದ ಲೈಬ್ರರಿಗಳ ರೆಪೊದಲ್ಲಿ ಇರುವುದು ಮೂಲ ಕೋಡ್. ಬ್ರೌಸರಿಗೆ ಹಾಕುವ ಸಿದ್ಧ ಫೈಲು ಬಿಲ್ಡ್ ಆದ ಮೇಲೆ 'ಡಿಸ್ಟ್' ಫೋಲ್ಡರಿನಲ್ಲಿ ಬರುತ್ತದೆ, ಆ ಫೋಲ್ಡರನ್ನು ಅವರು ಗಿಟ್‌ಗೆ ಹಾಕುವುದಿಲ್ಲ. ಸಿದ್ಧ ಫೈಲು ಎನ್‌ಪಿಎಂ ಪ್ಯಾಕೇಜಿನಲ್ಲಿ ಇರುತ್ತದೆ. ಅದನ್ನು ಇನ್‌ಸ್ಟಾಲ್ ಮಾಡದೆ ಬರೀ ಗಂಟು ತರಿಸಬಹುದು:

ಎನ್‌ಪಿಎಂ ಪ್ಯಾಕ್ ಚಾರ್ಟ್.ಜೆಎಸ್@4.4.0
ಟಾರ್ -ಎಕ್ಸ್‌ಜೆಡ್‌ಎಫ್ ಚಾರ್ಟ್.ಜೆಎಸ್-4.4.0.ಟಿಜಿಜೆಡ್

ಇಷ್ಟು ಮಾಡಿದರೆ 'ಪ್ಯಾಕೇಜ್' ಅನ್ನುವ ಫೋಲ್ಡರ್ ಬಿಚ್ಚಿಕೊಳ್ಳುತ್ತದೆ. ಅದರೊಳಗಿನ 'ಡಿಸ್ಟ್'ನಲ್ಲಿ ಹಲವು ಫೈಲುಗಳಿವೆ. ಇಲ್ಲೇ ಹೊಸಬರು ಎಡವುವುದು. ಹೆಸರು ನೋಡಿ 'ಚಾರ್ಟ್.ಜೆಎಸ್' ಫೈಲನ್ನೇ ತಂದು ಸ್ಕ್ರಿಪ್ಟ್ ಟ್ಯಾಗಿಗೆ ಹಾಕುತ್ತಾರೆ, ಬ್ರೌಸರು 'ಮಾಡ್ಯೂಲ್ ಹೊರಗೆ ಇಂಪೋರ್ಟ್ ಬಳಸುವಂತಿಲ್ಲ' ಅಂತ ಬೈಯುತ್ತದೆ. ಅದು ಇಎಸ್ ಮಾಡ್ಯೂಲ್, ಪಕ್ಕದ ಇನ್ನಷ್ಟು ಫೈಲುಗಳನ್ನು ಕೇಳುತ್ತದೆ. ಸಾದಾ ಸ್ಕ್ರಿಪ್ಟ್ ಟ್ಯಾಗಿಗೆ ಬೇಕಾದದ್ದು 'ಚಾರ್ಟ್.ಯುಎಂಡಿ.ಜೆಎಸ್', ಸುಮಾರು 200 ಕೆಬಿ, ಬೇಕಾದದ್ದೆಲ್ಲ ಒಂದರಲ್ಲೇ ಇದೆ.

ನಿಮ್ಮ ಪ್ರಾಜೆಕ್ಟಿನಲ್ಲಿ ಹೀಗೆ ಜಾಗ ಮಾಡಿ:

ವೆಂಡರ್/ಚಾರ್ಟ್-4.4.0/

ಸಂಖ್ಯೆ ಫೋಲ್ಡರಿನ ಹೆಸರಲ್ಲೇ ಇರಲಿ. ಎಚ್‌ಟಿಎಂಎಲ್ ತೆರೆದ ಕೂಡಲೇ ಆವೃತ್ತಿ ಕಣ್ಣಿಗೆ ಬೀಳುತ್ತದೆ, ಆವೃತ್ತಿ ಬದಲಾದಾಗ ವಿಳಾಸವೂ ಬದಲಾಗುವುದರಿಂದ ಬ್ರೌಸರಿನ ಹಳೇ ಕ್ಯಾಶ್ ಕಾಟವೂ ಇರುವುದಿಲ್ಲ. ಒಳಗೆ ಮೂರು ಫೈಲು: ಯುಎಂಡಿ ಫೈಲು, ಲೈಸೆನ್ಸ್, ಮತ್ತೆ ನೀವೇ ಬರೆಯುವ ಒಂದು ಚಿಕ್ಕ ಟಿಪ್ಪಣಿ. ಟಿಪ್ಪಣಿಯಲ್ಲಿ ಎಲ್ಲಿಂದ ತಂದಿದ್ದು, ಯಾವ ಆವೃತ್ತಿ, ಯಾವ ದಿನ, ಏನಾದರೂ ತಿದ್ದಿದ್ದೀರಾ ಅಂತ ನಾಲ್ಕು ಸಾಲು. 'ಶಾ256ಸಮ್' ಓಡಿಸಿ ಬಂದ ಉದ್ದ ಸಂಖ್ಯೆಯನ್ನೂ ಅಲ್ಲೇ ಅಂಟಿಸಿ. ಮುಂದೊಂದು ದಿನ ಯಾರಾದರೂ ಫೈಲಿನಲ್ಲಿ ಕೈಯಾಡಿಸಿದ್ದಾರಾ ಅಂತ ಅನುಮಾನ ಬಂದರೆ ಮತ್ತೆ ಓಡಿಸಿ ತಾಳೆ ನೋಡಬಹುದು.

ಈಗ ಕಮಿಟ್. ಲೈಬ್ರರಿಯನ್ನು ಸೇರಿಸುವ ಕಮಿಟ್‌ನಲ್ಲಿ ಬೇರೆ ಏನೂ ಇರಬಾರದು:

ಗಿಟ್ ಆಡ್ ವೆಂಡರ್/ಚಾರ್ಟ್-4.4.0
ಗಿಟ್ ಕಮಿಟ್ -ಎಂ "ಚಾರ್ಟ್.ಜೆಎಸ್ 4.4.0 ಸೇರಿಸಿದೆ, ತಿದ್ದಿಲ್ಲ"

ಆ 'ತಿದ್ದಿಲ್ಲ' ಅನ್ನುವ ಪದ ಮುಖ್ಯ. ಮುಂದೆ ಲೈಬ್ರರಿಯ ಒಳಗೆ ಒಂದು ಸಾಲು ತಿದ್ದಬೇಕಾಗಿ ಬಂದರೆ ಅದು ಬೇರೆ ಕಮಿಟ್. ಎರಡನ್ನೂ ಒಂದೇ ಕಮಿಟ್‌ನಲ್ಲಿ ಕಲಸಿಬಿಟ್ಟರೆ ಆರು ತಿಂಗಳ ನಂತರ ಅವರದ್ದು ಯಾವುದು, ನಿಮ್ಮದು ಯಾವುದು ಅಂತ ಬೇರ್ಪಡಿಸುವುದು ಕಲ್ಲು ಬೆರೆತ ಅಕ್ಕಿ ಆರಿಸಿದ ಹಾಗೆ.

ಇನ್ನೊಂದು, ದಿನಾಂಕದ ವಿಷಯ. 3ನೇ ಆವೃತ್ತಿಯಿಂದ ಸಮಯದ ಅಕ್ಷ ಬಳಸಬೇಕಾದರೆ ದಿನಾಂಕಕ್ಕೆ ಅಂತ ಮತ್ತೊಂದು ಅಡಾಪ್ಟರ್, ಅದರ ಹಿಂದೆ ಮತ್ತೊಂದು ಲೈಬ್ರರಿ ಬೇಕು. ನಾನು ದಿನಾಂಕಗಳನ್ನು ಸುಮ್ನೆ ಪಠ್ಯವಾಗಿ ಕೊಟ್ಟೆ, 'ಮಾ 12', 'ಮಾ 13' ಅಂತ. ಭಾನುವಾರದ ಖಾಲಿ ಜಾಗ ಗ್ರಾಫಿನಲ್ಲಿ ಕಾಣುವುದಿಲ್ಲ, ಮಂಡಿಯಲ್ಲಿ ಯಾರೂ ಕೇಳಿಲ್ಲ. ಎರಡು ಲೈಬ್ರರಿ ತರುವುದು ತಪ್ಪಿತು.

ಮಂಡಿಯ ಪೇಜು ಅಲ್ಲಿನ ಕಂಪ್ಯೂಟರಿನಲ್ಲೇ ಓಡುತ್ತದೆ. ಮಳೆ ಬಂದು ನೆಟ್ ಹೋದರೂ ಈಗ ಗ್ರಾಫು ಬರುತ್ತದೆ, ಸಿಡಿಎನ್ ಇದ್ದಾಗ ಬರುತ್ತಿರಲಿಲ್ಲ. ಇದು ನಾನು ಲೆಕ್ಕ ಹಾಕದೆ ಸಿಕ್ಕ ಲಾಭ.

ಕಮಿಟ್ ಮಾಡಿದ್ದೇನೆ ಅಂದುಕೊಂಡಿರುತ್ತೀರಿ, ಆಗಿರುವುದಿಲ್ಲ

ನನಗೆ ಅತಿ ಜಾಸ್ತಿ ಸಿಟ್ಟು ಬರಿಸಿದ್ದು ಇದು. ಒಂದು ಕೆಲಸದಲ್ಲಿ ಲೈಬ್ರರಿಯನ್ನು 'ಡಿಸ್ಟ್' ಫೋಲ್ಡರಿನ ಸಮೇತ ತಂದು ವೆಂಡರ್ ಒಳಗೆ ಇಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತು. ಪುಶ್ ಮಾಡಿದೆ (ಕಮಿಟ್‌ಗಳನ್ನು ಹೊರಗಿನ ರೆಪೊಗೆ ಕಳಿಸಿದೆ), ಸರ್ವರಿನಲ್ಲಿ 404, ಅಂದರೆ ಫೈಲು ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಫೈಲು ಕಣ್ಣೆದುರೇ ಇದೆ, ರೆಪೊದಲ್ಲಿ ಇಲ್ಲ!

ಕಾರಣ ಗಿಟ್‌ಇಗ್ನೋರ್. ನನ್ನದೇ ಪ್ರಾಜೆಕ್ಟಿನ ಬಿಲ್ಡ್ ಫೋಲ್ಡರ್ ಗಿಟ್‌ಗೆ ಹೋಗದಿರಲಿ ಅಂತ ಅದರಲ್ಲಿ 'ಡಿಸ್ಟ್/' ಅಂತ ಬರೆದಿದ್ದೆ. ಮುಂದೆ ಓರೆಗೆರೆ ಇಲ್ಲದೆ ಹಾಗೆ ಬರೆದರೆ ರೆಪೊದ ಯಾವ ಮೂಲೆಯಲ್ಲಿರುವ ಡಿಸ್ಟ್ ಫೋಲ್ಡರೂ ಬಿಟ್ಟುಹೋಗುತ್ತದೆ. ಮೇಲಿನ ಫೋಲ್ಡರನ್ನು ಆಡ್ ಮಾಡುವಾಗ ಗಿಟ್ ಇದನ್ನು ಹೇಳುವುದೂ ಇಲ್ಲ. ಪತ್ತೆ ಹಚ್ಚುವುದು ಹೀಗೆ:

ಗಿಟ್ ಚೆಕ್-ಇಗ್ನೋರ್ -ವಿ ವೆಂಡರ್/ಗ್ರಾಫ್/ಡಿಸ್ಟ್/ಗ್ರಾಫ್.ಜೆಎಸ್

ಯಾವ ಇಗ್ನೋರ್ ಫೈಲಿನ ಎಷ್ಟನೇ ಸಾಲು ತಡೆಯುತ್ತಿದೆ ಅಂತ ಸರಿಯಾಗಿ ತೋರಿಸುತ್ತದೆ. ಆ ಸಾಲನ್ನು '/ಡಿಸ್ಟ್/' ಅಂತ ಮಾಡಿ, ಆಗ ರೆಪೊದ ತಲೆಯಲ್ಲಿರುವ ಡಿಸ್ಟ್ ಮಾತ್ರ ಬಿಟ್ಟುಹೋಗುತ್ತದೆ. ಲೈಬ್ರರಿ ಸೇರಿಸಿದ ಪ್ರತಿ ಸಲವೂ 'ಗಿಟ್ ಎಲ್‌ಎಸ್-ಫೈಲ್ಸ್ ವೆಂಡರ್' ಓಡಿಸಿ, ಗಿಟ್‌ಗೆ ನಿಜವಾಗಿ ಏನು ಸೇರಿದೆ ಅಂತ ಕಣ್ಣಾರೆ ನೋಡಿ.

ಹಾಗೇ ಇನ್ನೆರಡು. ವಿಂಡೋಸ್‌ನಲ್ಲಿ ಗಿಟ್ ಸಾಲಿನ ಕೊನೆಯ ಗುರುತುಗಳನ್ನು ಬದಲಿಸುವುದುಂಟು, ಆಗ ನೀವು ಬರೆದಿಟ್ಟ ಶಾ ಸಂಖ್ಯೆ ತಾಳೆಯಾಗುವುದಿಲ್ಲ. ಗಿಟ್‌ಅಟ್ರಿಬ್ಯೂಟ್ಸ್ ಫೈಲಿನಲ್ಲಿ 'ವೆಂಡರ್/** -ಟೆಕ್ಸ್ಟ್' ಅಂತ ಒಂದು ಸಾಲು ಬರೆದರೆ ಗಿಟ್ ಅವುಗಳನ್ನು ಮುಟ್ಟುವುದಿಲ್ಲ. ಎರಡನೆಯದು ಎಡಿಟರಿನ 'ಸೇವ್ ಮಾಡಿದಾಗ ಫಾರ್ಮ್ಯಾಟ್ ಮಾಡು'. ಮಿನಿಫೈ ಆದ (ಖಾಲಿ ಜಾಗ ತೆಗೆದು ಕುಗ್ಗಿಸಿದ) ಫೈಲನ್ನು ತೆರೆದು ಅಭ್ಯಾಸಬಲದಿಂದ ಸೇವ್ ಒತ್ತಿದರೆ ಒಂದೇ ಸಾಲಿನಲ್ಲಿದ್ದದ್ದು ಸಾವಿರಾರು ಸಾಲಾಗುತ್ತದೆ. ಪ್ರೆಟಿಯರ್ ಅನ್ನುವ ಫಾರ್ಮ್ಯಾಟರ್ ಬಳಸುತ್ತಿದ್ದರೆ ಅದರ ಪ್ರೆಟಿಯರ್‌ಇಗ್ನೋರ್‌ನಲ್ಲಿ ವೆಂಡರ್ ಹೆಸರು ಸೇರಿಸಿಬಿಡಿ.

ದಾರಿ ಎರಡು: ಸಬ್‌ಮಾಡ್ಯೂಲ್

ಚಿತ್ರದುರ್ಗದಲ್ಲಿ ಒಬ್ಬ ಗೆಳೆಯ ಇದ್ದಾನೆ. ಅಂಕಿಗಳನ್ನು ಕನ್ನಡ ಅಂಕಿಗೆ ಬದಲಿಸುವ, ಲಕ್ಷ ಕೋಟಿಗೆ ಸರಿಯಾಗಿ ಅಲ್ಪವಿರಾಮ ಹಾಕುವ ಚಿಕ್ಕ ಲೈಬ್ರರಿ ಬರೆದಿದ್ದಾನೆ. ನಾವಿಬ್ಬರೂ ಅದನ್ನು 'ಅಂಕಿ' ಅಂತ ಕರೆಯುತ್ತೇವೆ. ಬಿಲ್ಡ್ ಬೇಡ, ಎರಡು ಸಾದಾ ಜೆಎಸ್ ಫೈಲು. ವಾರಕ್ಕೊಮ್ಮೆ ಏನಾದರೂ ಬದಲಾಗುತ್ತದೆ, ಕೆಲವು ಬದಲಾವಣೆ ನಾನೇ ಮಾಡುತ್ತೇನೆ. ಸಬ್‌ಮಾಡ್ಯೂಲಿಗೆ ಹೇಳಿ ಮಾಡಿಸಿದ ಹಾಗಿದೆ.

ಶುರುವಿನಲ್ಲಿ ನಾನು ಮಾಡಿದ ದಡ್ಡತನ: ನನ್ನ ರೆಪೊದ ವೆಂಡರ್ ಫೋಲ್ಡರಿಗೆ ಹೋಗಿ ಅಲ್ಲೇ 'ಗಿಟ್ ಕ್ಲೋನ್' ಮಾಡಿ, ಹೊರಗೆ ಬಂದು 'ಗಿಟ್ ಆಡ್' ಮಾಡಿದೆ. ಎಂಬೆಡೆಡ್ ರೆಪೊ ಸೇರಿಸುತ್ತಿದ್ದೀರಿ ಅಂತ ಗಿಟ್ ಹಳದಿ ಅಕ್ಷರದಲ್ಲಿ ಎಚ್ಚರಿಕೆ ಕೊಟ್ಟಿತು, ನಾನು ಓದಲಿಲ್ಲ. ಗೆಳೆಯ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಕೂತು ಕ್ಲೋನ್ ಮಾಡಿದ್ದಾನೆ, ಭರಮಸಾಗರ ದಾಟುವ ಹೊತ್ತಿಗೆ ಫೋನು.

"ಲೇ, ಅಂಕಿ ಫೋಲ್ಡರ್ ಐತಿ, ಒಳಗೆ ಏನೂ ಇಲ್ಲಲ್ಲೋ."

"ನೆಟ್ ಸರಿ ಇಲ್ಲ ಕಣೋ, ಮತ್ತೊಂದ್ಸಲ ಮಾಡು."

ಪಾಪ, ಮೂರು ಸಲ ಮಾಡಿದ. ನೆಟ್ ತಪ್ಪಲ್ಲ. ಹಾಗೆ ಆಡ್ ಮಾಡಿದಾಗ ಗಿಟ್ ಫೈಲುಗಳನ್ನು ಸೇರಿಸುವುದಿಲ್ಲ, ಆ ಜಾಗದಲ್ಲಿ ಒಂದು ಕಮಿಟ್ ಸಂಖ್ಯೆ ಮಾತ್ರ ಬರೆದುಕೊಳ್ಳುತ್ತದೆ. 'ಗಿಟ್ ಎಲ್‌ಎಸ್-ಫೈಲ್ಸ್ -ಎಸ್ ವೆಂಡರ್' ಓಡಿಸಿದರೆ ಸಾದಾ ಫೈಲುಗಳ ಮುಂದೆ 100644 ಇರುತ್ತದೆ, ಇದರ ಮುಂದೆ 160000. ಆ ಕಮಿಟನ್ನು ಎಲ್ಲಿಂದ ತರಬೇಕು ಅನ್ನುವ ವಿಳಾಸ ಎಲ್ಲೂ ಇರುವುದಿಲ್ಲ. ನನ್ನ ಗತಿಯೇ ನಿಮಗೂ ಬಂದಿದ್ದರೆ 'ಗಿಟ್ ಆರ್‌ಎಂ --ಕ್ಯಾಶ್ಡ್ ವೆಂಡರ್/ಅಂಕಿ' ಮಾಡಿ, ಫೋಲ್ಡರನ್ನು ಅಳಿಸಿ, ಸರಿಯಾದ ರೀತಿಯಲ್ಲಿ ಶುರು ಮಾಡಿ:

ಗಿಟ್ ಸಬ್‌ಮಾಡ್ಯೂಲ್ ಆಡ್ ರೆಪೊದ-ವಿಳಾಸ ವೆಂಡರ್/ಅಂಕಿ

ವಿಳಾಸ ಎಚ್‌ಟಿಟಿಪಿಎಸ್‌ನದೇ ಕೊಡಿ. ಎಸ್‌ಎಸ್‌ಎಚ್ ವಿಳಾಸ ಕೊಟ್ಟರೆ ಕೀ ಇಲ್ಲದ ಕಂಪ್ಯೂಟರಿನಲ್ಲಿ, ಸರ್ವರಿನಲ್ಲಿ ಎಲ್ಲ ಕಡೆ ಅನುಮತಿ ಇಲ್ಲ ಅನ್ನುತ್ತದೆ. ಆಮೇಲೆ ಬೇಕಾದ ಆವೃತ್ತಿಗೆ ನಿಲ್ಲಿಸಿ:

ಸಿಡಿ ವೆಂಡರ್/ಅಂಕಿ
ಗಿಟ್ ಚೆಕ್ಔಟ್ ವಿ1.2.0
ಸಿಡಿ ../..
ಗಿಟ್ ಆಡ್ .ಗಿಟ್‌ಮಾಡ್ಯೂಲ್ಸ್ ವೆಂಡರ್/ಅಂಕಿ
ಗಿಟ್ ಕಮಿಟ್ -ಎಂ "ಅಂಕಿ 1.2.0 ಸಬ್‌ಮಾಡ್ಯೂಲ್ ಆಗಿ ಸೇರಿಸಿದೆ"

ಈಗ ನಿಮ್ಮ ರೆಪೊದಲ್ಲಿ ಎರಡು ವಿಷಯ ಸೇರಿವೆ. ಗಿಟ್‌ಮಾಡ್ಯೂಲ್ಸ್ ಫೈಲಿನಲ್ಲಿ ವಿಳಾಸ, ವೆಂಡರ್/ಅಂಕಿ ಜಾಗದಲ್ಲಿ 40 ಅಕ್ಷರದ ಕಮಿಟ್ ಸಂಖ್ಯೆ. ವಿ1.2.0 ಅನ್ನುವ ಆವೃತ್ತಿ ಗುರುತನ್ನು, ಅಂದರೆ ಟ್ಯಾಗನ್ನು, ಲೈಬ್ರರಿ ಬರೆದವರು ಮುಂದೆ ಬೇರೆ ಕಡೆಗೆ ಸರಿಸಿದರೂ ನಿಮ್ಮ ಸಂಖ್ಯೆ ಅಲ್ಲಾಡುವುದಿಲ್ಲ. ಸಬ್‌ಮಾಡ್ಯೂಲಿನ ನಿಜವಾದ ಬಲ ಇದು.

ಹೊಸದಾಗಿ ಕ್ಲೋನ್ ಮಾಡುವವರು 'ಗಿಟ್ ಕ್ಲೋನ್ --ರಿಕರ್ಸ್-ಸಬ್‌ಮಾಡ್ಯೂಲ್ಸ್' ಅನ್ನಬೇಕು. ಮರೆತು ಮಾಡಿಬಿಟ್ಟಿದ್ದರೆ:

ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ --ಇನಿಟ್ --ರಿಕರ್ಸಿವ್

ಈ ಸಾಲನ್ನು ನಿಮ್ಮ ರೀಡ್‌ಮಿ ಫೈಲಿನ ಮೊದಲ ಪರದೆಯಲ್ಲೇ ಬರೆಯಿರಿ. ಎಲ್ಲರೂ ಮರೆಯುತ್ತಾರೆ. ಗಿಟ್‌ಹಬ್‌ನಲ್ಲಿ ಜಿಪ್ ಡೌನ್‌ಲೋಡ್ ಮಾಡಿದರೆ ಸಬ್‌ಮಾಡ್ಯೂಲಿನ ಫೈಲುಗಳು ಬರುವುದೇ ಇಲ್ಲ. ಗಿಟ್‌ಹಬ್ ಆಕ್ಷನ್ಸ್‌ನ ಚೆಕ್ಔಟ್ ಕೂಡ ಕೇಳದೆ ತರುವುದಿಲ್ಲ, 'ಸಬ್‌ಮಾಡ್ಯೂಲ್ಸ್: ಟ್ರೂ' ಅಂತ ಬರೆಯಬೇಕು. ಪ್ರತಿ ಪುಲ್ ಆದ ಮೇಲೆ ಅಪ್‌ಡೇಟ್ ಓಡಿಸಲು ಬೇಜಾರಾದರೆ ನಿಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ಇದನ್ನು ಹಾಕಿ:

ಗಿಟ್ ಕಾನ್ಫಿಗ್ --ಗ್ಲೋಬಲ್ ಸಬ್‌ಮಾಡ್ಯೂಲ್.ರಿಕರ್ಸ್ ಟ್ರೂ

ಕ್ಲೋನ್‌ಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಸಬ್‌ಮಾಡ್ಯೂಲಿನ ಒಳಗೆ ತಿದ್ದುವಾಗ ಜೋಪಾನ. ಅಲ್ಲಿ ನೀವು ಯಾವ ಬ್ರಾಂಚಿನ (ಹೆಸರಿಟ್ಟ ಕಮಿಟ್‌ಗಳ ಸಾಲು) ಮೇಲೂ ಇರುವುದಿಲ್ಲ, ಬಿಡಿ ಕಮಿಟ್ ಒಂದರ ಮೇಲೆ ನಿಂತಿರುತ್ತೀರಿ. ನಾನು ಹಾಗೇ ಒಂದು ರಾತ್ರಿ ಕೂತು ಕೋಟಿ ದಾಟಿದ ಅಂಕಿಗಳ ಬಗ್ ಸರಿಮಾಡಿ ಕಮಿಟ್ ಮಾಡಿದೆ. ಬೆಳಿಗ್ಗೆ ಹೊರಗಿನಿಂದ ಸಬ್‌ಮಾಡ್ಯೂಲ್ ಅಪ್‌ಡೇಟ್ ಓಡಿಸಿದೆ, ಅದು ನನ್ನ ರೆಪೊದಲ್ಲಿ ಬರೆದಿದ್ದ ಹಳೇ ಕಮಿಟ್‌ಗೆ ವಾಪಸ್ ಹೋಗಿ ಕೂತಿತು. ರಾತ್ರಿಯ ಕೆಲಸ ಮಾಯ. ಒಳಗೆ ಹೋಗಿ 'ಗಿಟ್ ರೆಫ್‌ಲಾಗ್' ನೋಡಿದರೆ ಅಲ್ಲೇ ಇತ್ತು, 'ಗಿಟ್ ಬ್ರಾಂಚ್ ಕೋಟಿ' ಅಂತ ಬರೆದು ಮುಂದೆ ಆ ಕಮಿಟ್ ಸಂಖ್ಯೆ ಅಂಟಿಸಿದೆ, ಸಿಕ್ಕಿತು. ಆವತ್ತಿನಿಂದ ಒಳಗೆ ಮುಟ್ಟುವ ಮುಂಚೆ 'ಗಿಟ್ ಸ್ವಿಚ್ -ಸಿ' ಹಾಕಿ ಬ್ರಾಂಚ್ ಮಾಡುತ್ತೇನೆ.

ಪುಶ್ ಮಾಡುವ ಕ್ರಮವೂ ಮುಖ್ಯ. ಮೊದಲು ಲೈಬ್ರರಿ, ಆಮೇಲೆ ನಿಮ್ಮ ರೆಪೊ. ಹಿಂದುಮುಂದಾದರೆ ನಿಮ್ಮ ರೆಪೊ ತೋರಿಸುವ ಕಮಿಟ್ ಜಗತ್ತಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ಬಿಟ್ಟರೆ ಎಲ್ಲೂ ಇರುವುದಿಲ್ಲ. 'ಗಿಟ್ ಪುಶ್ --ರಿಕರ್ಸ್-ಸಬ್‌ಮಾಡ್ಯೂಲ್ಸ್=ಚೆಕ್' ಅಂದರೆ ಗಿಟ್ಟೇ ತಡೆಯುತ್ತದೆ.

'ಸಬ್‌ಮಾಡ್ಯೂಲ್ ಅಪ್‌ಡೇಟ್ --ರಿಮೋಟ್' ಅನ್ನುವುದು ಒಂದಿದೆ, ಅದು ಬ್ರಾಂಚಿನ ತುದಿಯಲ್ಲಿರುವ ಹೊಸದನ್ನು ಎಳೆದು ತರುತ್ತದೆ. ಯೋಚಿಸದೆ ಡಿಪ್ಲಾಯ್ ಸ್ಕ್ರಿಪ್ಟಿನಲ್ಲಿ ಹಾಕಬೇಡಿ, ಸಂಖ್ಯೆ ಇಲ್ಲದ ಸಿಡಿಎನ್ ವಿಳಾಸಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ.

ಬೇಡವಾದಾಗ ತೆಗೆಯುವುದು: 'ಗಿಟ್ ಸಬ್‌ಮಾಡ್ಯೂಲ್ ಡಿಇನಿಟ್ ವೆಂಡರ್/ಅಂಕಿ', ಆಮೇಲೆ 'ಗಿಟ್ ಆರ್‌ಎಂ ವೆಂಡರ್/ಅಂಕಿ', ಕಮಿಟ್. '.ಗಿಟ್/ಮಾಡ್ಯೂಲ್ಸ್' ಒಳಗೆ ಹಳೇ ಪ್ರತಿ ಉಳಿದಿರುತ್ತದೆ, ಅದನ್ನು ಕೈಯಾರೆ ಅಳಿಸಿ.

ದಾರಿ ಮೂರು: ಸಬ್‌ಟ್ರೀ

ಸಬ್‌ಟ್ರೀಯಲ್ಲಿ ಲೈಬ್ರರಿಯ ಫೈಲುಗಳು ನಿಜವಾಗಿಯೂ ನಿಮ್ಮ ರೆಪೊದೊಳಗೇ ಇರುತ್ತವೆ. ಕ್ಲೋನ್ ಮಾಡಿದವರಿಗೆ ಏನೂ ವಿಶೇಷ ಗೊತ್ತಿರಬೇಕಿಲ್ಲ, ಜಿಪ್‌ನಲ್ಲೂ ಬರುತ್ತದೆ. ಹೊಸ ಆವೃತ್ತಿ ತರುವವರಿಗೆ ಮಾತ್ರ ಕಮಾಂಡ್ ಗೊತ್ತಿದ್ದರೆ ಸಾಕು.

ಗಿಟ್ ಸಬ್‌ಟ್ರೀ ಆಡ್ --ಪ್ರಿಫಿಕ್ಸ್=ವೆಂಡರ್/ಅಂಕಿ ರೆಪೊದ-ವಿಳಾಸ ವಿ1.2.0 --ಸ್ಕ್ವಾಶ್

ರೆಪೊದ ತಲೆಯ ಫೋಲ್ಡರಿನಲ್ಲಿ ನಿಂತು ಓಡಿಸಿ, ಕಮಿಟ್ ಆಗದ ಬದಲಾವಣೆ ಇದ್ದರೆ ಒಪ್ಪುವುದಿಲ್ಲ. 'ಸ್ಕ್ವಾಶ್' ಹಾಕದಿದ್ದರೆ ಆ ಲೈಬ್ರರಿಯ ಇತಿಹಾಸವೆಲ್ಲ ನಿಮ್ಮ ಲಾಗ್‌ಗೆ ಬಂದು ಬೀಳುತ್ತದೆ. ಹೊಸದು ಬಂದಾಗ ಇದೇ ಸಾಲಿನಲ್ಲಿ 'ಆಡ್' ಬದಲು 'ಪುಲ್', ಸಂಖ್ಯೆ ಬದಲಿಸಿ. ನೀವು ತಿದ್ದಿದ್ದೂ ಅವರು ತಿದ್ದಿದ್ದೂ ಒಂದೇ ಸಾಲಾದರೆ ಸಾದಾ ಮರ್ಜ್ ಸಂಘರ್ಷ ಬರುತ್ತದೆ, ಎಂದಿನಂತೆ ಬಿಡಿಸಿಕೊಳ್ಳಿ.

ಒಂದೇ ಎಚ್ಚರ. ಸಬ್‌ಟ್ರೀ ತನ್ನ ಲೆಕ್ಕವನ್ನು ಕಮಿಟ್ ಸಂದೇಶದಲ್ಲೇ ಬರೆದಿಟ್ಟುಕೊಳ್ಳುತ್ತದೆ. ಆ ಬ್ರಾಂಚನ್ನು ರಿಬೇಸ್ ಮಾಡಿದರೆ (ಅದರ ಕಮಿಟ್‌ಗಳನ್ನು ಬೇರೆ ಕಮಿಟ್ ಮೇಲೆ ಹೊಸದಾಗಿ ಬರೆಸಿದರೆ), ಇಲ್ಲವೇ ಎಲ್ಲವನ್ನೂ ಒಂದೇ ಕಮಿಟ್ ಮಾಡಿ ಮರ್ಜ್ ಮಾಡಿದರೆ ಮುಂದಿನ ಪುಲ್ ದಾರಿ ತಪ್ಪುತ್ತದೆ. ಟೀಮಿನಲ್ಲಿ ರಿಬೇಸ್ ಹುಚ್ಚು ಇರುವವರು ಇದ್ದರೆ ಮೊದಲೇ ಹೇಳಿಡಿ.

ದಾರಿ ನಾಲ್ಕು: ಎನ್‌ಪಿಎಂಗೆ ಗಿಟ್ ವಿಳಾಸ

ಪ್ಯಾಕೇಜು ಎನ್‌ಪಿಎಂನಲ್ಲಿ ಪ್ರಕಟವಾಗಿಲ್ಲ, ಆದರೆ ನಿಮ್ಮ ಪ್ರಾಜೆಕ್ಟು ಎನ್‌ಪಿಎಂ ಮೇಲೇ ನಡೆಯುತ್ತದೆ ಅಂದರೆ:

ಎನ್‌ಪಿಎಂ ಇನ್‌ಸ್ಟಾಲ್ ಗಿಟ್+ರೆಪೊದ-ವಿಳಾಸ#ವಿ1.2.0

ಹ್ಯಾಶ್ ಗುರುತಿನ ಮುಂದೆ ಟ್ಯಾಗ್ ಇಲ್ಲವೇ ಕಮಿಟ್ ಸಂಖ್ಯೆ ಕೊಡಿ. ಖಾಲಿ ಬಿಟ್ಟರೆ ಅವರ ಮುಖ್ಯ ಬ್ರಾಂಚು ಬರುತ್ತದೆ. ಪ್ಯಾಕೇಜ್-ಲಾಕ್ ಫೈಲಿನಲ್ಲಿ ಪೂರ್ತಿ ಕಮಿಟ್ ಸಂಖ್ಯೆ ದಾಖಲಾಗುತ್ತದೆ, ಹಾಗಾಗಿ ಆ ಫೈಲನ್ನು ಕಮಿಟ್ ಮಾಡಲೇಬೇಕು. ಸರ್ವರಿನಲ್ಲಿ 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' ಓಡಿಸಿ, ಅದು ಲಾಕ್‌ನಲ್ಲಿ ಇದ್ದದ್ದನ್ನೇ ತರುತ್ತದೆ, ಹೊಂದದಿದ್ದರೆ ನಿಂತುಬಿಡುತ್ತದೆ. ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಮಾತ್ರ ಗಿಟ್‌ಗೆ ಹಾಕಬೇಡಿ.

ಹೊಸ ಆವೃತ್ತಿಗೆ ಹೋಗುವುದು

ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ಒಂದು ಬೆಲೆ ಇದೆ. ತಾನಾಗಿ ಕೆಡುವುದಿಲ್ಲ, ಹಾಗೇ ತಾನಾಗಿ ಸರಿಯೂ ಆಗುವುದಿಲ್ಲ. ಜೆಕ್ವೆರಿಯಲ್ಲಿ ಒಂದು ಭದ್ರತಾ ದೋಷ 2020ರಲ್ಲಿ 3.5.0 ಬಂದಾಗ ಸರಿಯಾಯಿತು. ಎಷ್ಟೋ ಸೈಟುಗಳ ವೆಂಡರ್ ಫೋಲ್ಡರಿನಲ್ಲಿ ಇವತ್ತಿಗೂ ಅದಕ್ಕಿಂತ ಹಳೆಯದು ಕೂತಿದೆ. 'ಎನ್‌ಪಿಎಂ ಆಡಿಟ್' ನೀವು ಕೈಯಾರೆ ತಂದಿಟ್ಟ ಫೈಲುಗಳನ್ನು ನೋಡುವುದಿಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ವೆಂಡರ್ ಫೋಲ್ಡರ್ ತೆರೆದು, ಪ್ರತಿ ಲೈಬ್ರರಿಯ ಬದಲಾವಣೆ ಪಟ್ಟಿ ಓದುತ್ತೇನೆ. ಮೊದಲ ಅಂಕಿ ಬದಲಾಗಿದ್ದರೆ ಕಾಫಿ ಇಟ್ಟುಕೊಂಡು ಕೂರುತ್ತೇನೆ, ಕೊನೆಯ ಅಂಕಿಯಾದರೆ ನಿಂತಲ್ಲೇ ಮುಗಿಸುತ್ತೇನೆ.

ಮಂಡಿಯ ಪೇಜನ್ನು 2ರಿಂದ 4ಕ್ಕೆ ತಂದದ್ದು ಹೀಗೆ. ಬೇರೆ ಬ್ರಾಂಚು ಮಾಡಿದೆ. ಹಳೇ ಫೋಲ್ಡರ್ ಇದ್ದ ಹಾಗೇ ಬಿಟ್ಟು ಹೊಸ ಸಂಖ್ಯೆಯ ಫೋಲ್ಡರನ್ನು ಪಕ್ಕದಲ್ಲಿ ಸೇರಿಸಿದೆ, ಅದು ಒಂದು ಕಮಿಟ್. ಎಚ್‌ಟಿಎಂಎಲ್‌ನಲ್ಲಿ ವಿಳಾಸ ಬದಲಿಸಿ, ಅಕ್ಷದ ಸೆಟ್ಟಿಂಗನ್ನು 'ಸ್ಕೇಲ್ಸ್' ಒಳಗಿನ 'ವೈ'ಗೆ ಸಾಗಿಸಿ, ತಲೆಬರಹವನ್ನು 'ಪ್ಲಗಿನ್ಸ್' ಒಳಗೆ ಹಾಕಿದ್ದು ಎರಡನೇ ಕಮಿಟ್. ಎರಡು ವಾರ ಮಂಡಿಯಲ್ಲಿ ಓಡಿದ ಮೇಲೆ ಹಳೇ ಫೋಲ್ಡರ್ ಅಳಿಸಿದ್ದು ಮೂರನೆಯದು. ನಡುವೆ ಏನಾದರೂ ಹದಗೆಟ್ಟಿದ್ದರೆ ಎರಡನೆಯದಕ್ಕೆ ಒಂದು 'ಗಿಟ್ ರಿವರ್ಟ್' ಕೊಟ್ಟರೆ ಸಾಕಿತ್ತು, ಹಳೇ ಫೈಲು ಅಲ್ಲೇ ಕಾಯುತ್ತಿತ್ತು.

ಹೊಸ ಪೇಜು ಹಾಕಿದ ದಿನ ಮಾಲೀಕರು ಕನ್ನಡಕ ಏರಿಸಿ ನೋಡಿ, "ಎಲ್ಲ ಬಂತು ನೋಡು ತಮ್ಮಾ, ಹಸಿರೊಂದು ಇಲ್ಲ" ಅಂದರು. 'ಫಿಲ್: ಟ್ರೂ' ಅನ್ನುವ ಸಾಲು ಬರೆಯಲು ಮರೆತಿದ್ದೆ. ಅಲ್ಲೇ ಚೀಲದ ರಾಶಿಯ ಮೇಲೆ ಕೂತು ಹಾಕಿದೆ, ಅದು ಆ ಮೂರರ ಲೆಕ್ಕದಲ್ಲಿಲ್ಲದ ಇನ್ನೊಂದು ಕಮಿಟ್.